ದುರುಗಣ್ಣನ ಕೈಮಾತು

ದಾವಣಗೆರೆಯ ಆ ಆಸ್ಪತ್ರೆಯಲ್ಲಿ ನಿಲೋಫರ್ ಕೆಲಸ ಮಾಡುತ್ತಿದ್ದ ವಿಭಾಗದ ಬೋರ್ಡಿನ ಮೇಲೆ ‘ಉಪಶಾಮಕ ಆರೈಕೆ’ ಎಂದು ಬರೆದಿತ್ತು. ಆದರೆ ರೋಗಿಗಳು, ಲಿಫ್ಟಿನವರು, ಔಷಧಿ ಕೌಂಟರಿನವರು ಎಲ್ಲರೂ ಅದನ್ನು ನೋವಿನ ರೂಮು ಎಂದೇ ಕರೆಯುತ್ತಿದ್ದರು. ವಾಸಿಯಾಗದ ಕಾಯಿಲೆಯವರ ನೋವು, ಉಬ್ಬಸ, ವಾಂತಿ, ಭಯ ಇವನ್ನು ಕಡಿಮೆ ಮಾಡುವುದು ಅಲ್ಲಿಯ ಕೆಲಸ. ತಂಡ ಎಂದರೆ ಮೂರೇ ಜನ. ಡಾಕ್ಟರ್ ರೂಪಶ್ರೀ, ಸ್ಟಾಫ್ ನರ್ಸ್ ನಿಲೋಫರ್, ಡ್ರೈವರ್ ಮುಜೀಬ್. ವಾರದಲ್ಲಿ ನಾಲ್ಕು ದಿನ ಅವರ ವ್ಯಾನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ದಿನಕ್ಕೊಂದು ತಾಲ್ಲೂಕಿಗೆ ಹೋಗುತ್ತಿತ್ತು. ಆಸ್ಪತ್ರೆಗೆ ಬರಲಾಗದವರನ್ನು ಮನೆಗೇ ಹೋಗಿ ನೋಡುತ್ತಿದ್ದರು.

ಕೊರೋನಾದ ಎರಡನೇ ಅಲೆ ಬಂದಾಗ ಮೊದಲು ಹೋಗಿದ್ದು ವ್ಯಾನು. ಗಂಟಲು ದ್ರವದ ಸ್ಯಾಂಪಲ್ ಸಾಗಿಸಲು ಗಾಡಿ ಬೇಕು ಎಂದು ಆಸ್ಪತ್ರೆಯ ಆಡಳಿತಾಧಿಕಾರಿ ರುದ್ರಮುನಿ ಏಪ್ರಿಲ್ ಕೊನೆಯಲ್ಲಿ ಆದೇಶ ಮಾಡಿದರು. ಮರುದಿನ ರೂಪಶ್ರೀಯವರನ್ನು ಕೋವಿಡ್ ವಾರ್ಡಿನ ಪಾಳಿಗೆ ಹಾಕಿದರು. ನಿಲೋಫರ್‌ಗೆ ಉಳಿದದ್ದು ಒಂದು ಮೊಬೈಲು, ನಾಲ್ಕು ತಾಲ್ಲೂಕಿನ ರೋಗಿಗಳ ಪಟ್ಟಿ. ಬೆಳಿಗ್ಗೆ ಎಂಟರಿಂದ ಅವಳು ಒಬ್ಬೊಬ್ಬರಿಗೇ ಫೋನ್ ಮಾಡಿ ಗುಳಿಗೆ ಇದೆಯೇ, ನಿದ್ದೆ ಬಂತೇ, ಮಲ ಹೋಯಿತೇ ಎಂದು ಕೇಳುತ್ತಿದ್ದಳು. ಇಷ್ಟೇ ಮಾಡಲು ತಾನು ಬೇಕೇ ಎಂದು ಅವಳಿಗೇ ಒಂದೆರಡು ಸಲ ಅನ್ನಿಸಿತ್ತು.

ಮೇ ಹನ್ನೊಂದರಂದು ಅವಳೇ ಫೋನ್ ಮಾಡುವ ಮೊದಲು ಲಕ್ಷ್ಮೀದೇವಿಯ ಕರೆ ಬಂತು.

ಲಕ್ಷ್ಮೀದೇವಿಯ ಗಂಡ ದುರುಗಣ್ಣ ಸೂಳೆಕೆರೆಯಲ್ಲಿ ಮೀನು ಹಿಡಿಯುವವನು. ಐವತ್ತಾರು ವರ್ಷ. ಎರಡು ವರ್ಷದ ಹಿಂದೆ ನಾಲಿಗೆಯಲ್ಲಿ ಕ್ಯಾನ್ಸರ್ ಆಗಿ ಅರ್ಧ ನಾಲಿಗೆ, ಕೆಳದವಡೆಯ ಒಂದು ತುಂಡು ತೆಗೆದಿದ್ದರು. ವರ್ಷದೊಳಗೆ ಅದು ಕತ್ತಿನಲ್ಲಿ ಮತ್ತೆ ಎದ್ದಿತ್ತು. ಊಟವೆಲ್ಲ ಮೂಗಿನ ಪೈಪಿನ ಮೂಲಕ. ಎಂಟು ತಿಂಗಳಿಂದ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಗುಳಿಗೆ ಪುಡಿ ಮಾಡಿ ಅದೇ ಪೈಪಿನಲ್ಲಿ ಹಾಕುತ್ತಿದ್ದರು. ಮಾತು ಹೋಗಿತ್ತು. ಅವನಿಗೆ ಓದು ಬರಹ ಗೊತ್ತಿರಲಿಲ್ಲ, ಹಾಗಾಗಿ ಆಸ್ಪತ್ರೆಯವರು ಕೊಟ್ಟ ಸ್ಲೇಟಿನಿಂದ ಉಪಯೋಗವಾಗಲಿಲ್ಲ. ಗಂಡ ಹೆಂಡತಿ ತಮ್ಮ ನಡುವೆಯೇ ಕೈಸನ್ನೆಯಲ್ಲಿ ಒಂದು ಮಾತು ಕಟ್ಟಿಕೊಂಡಿದ್ದರು.

“ಸಿಸ್ಟರ್, ನಮ್ಮನೆಯೋರಿಗೆ ಕೊರೋನಾ ಅಂತ ಮೂರು ದಿನ ಆತು ಕರ್ಕಂಡು ಹೋಗಿ” ಎಂದಳು ಲಕ್ಷ್ಮೀದೇವಿ. “ಚನ್ನಗಿರಿ ಹೊರಗೆ ಹಾಸ್ಟೆಲ್ ಐತಲ್ಲ, ಅಲ್ಲಿ ಇಟ್ಟಾರೆ. ನನ್ನ ಒಳಗೆ ಬಿಡ್ತಿಲ್ಲ. ಅಲ್ಲಿ ನೆಲ ಒರ್ಸೋ ಅಕ್ಕ ಹೇಳಿದ್ಲು, ಕೈ ಕಟ್ಟಿ ಹಾಕ್ಯಾರಂತೆ.”

“ಯಾಕೆ ಕಟ್ಟಿದ್ರಂತೆ?”

“ಹೊಡಿಯಾಕೆ ಬರ್ತಾರಂತೆ. ಅವ್ರು ಯಾರ ಮೇಲೂ ಕೈ ಎತ್ತಿದೋರಲ್ಲ ಸಿಸ್ಟರ್. ಕುಡಿದ ದಿನಾನೂ ನನ್ನ ಮೇಲೆ ಎತ್ತಿಲ್ಲ.”

ಹಾಸ್ಟೆಲ್ ಎಂದರೆ ಖಾಲಿ ಬಿದ್ದಿದ್ದ ವಿದ್ಯಾರ್ಥಿ ನಿಲಯ. ಎರಡೇ ವಾರದ ಹಿಂದೆ ಅಲ್ಲಿ ನಲವತ್ತೆರಡು ಮಂಚ ಹಾಕಿ, ಆಕ್ಸಿಜನ್ ಸಿಲಿಂಡರ್ ತಂದಿಟ್ಟು ತಾತ್ಕಾಲಿಕ ಕೋವಿಡ್ ಕೇಂದ್ರ ಮಾಡಿದ್ದರು. ನಿಲೋಫರ್ ಅಲ್ಲಿಗೆ ಫೋನ್ ಹಚ್ಚಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೇ ಸಲ ಸುನೀತಾ ಎಂಬ ನರ್ಸ್ ಎತ್ತಿದಳು. ದನಿಯಲ್ಲೇ ಸುಸ್ತು ಗೊತ್ತಾಗುತ್ತಿತ್ತು.

“ಬೆಡ್ ಮೂವತ್ತೊಂದಾ? ಅವ್ರಿಗೆ ತಲೆ ನೆಟ್ಟಗಿಲ್ಲ ಸಿಸ್ಟರ್. ನಿನ್ನೆಯಿಂದ ಒಂದೇ ಸಮ ಒದ್ದಾಟ. ಬೆವರು ನೋಡಿದ್ರೆ ಹಾಸಿಗೆ ನೆನೆದೈತೆ. ಮೂಗು ಸೋರ್ತೈತೆ, ಭೇದಿ ಬೇರೆ. ಸ್ಯಾಚುರೇಷನ್ ಎಂಬತ್ತೇಳು, ಆರು ಲೀಟರ್ ಆಕ್ಸಿಜನ್‌ನಾಗೆ. ಉಸಿರು ನಿಮಿಷಕ್ಕೆ ಮೂವತ್ತೆಂಟು.”

“ಅವ್ರ ಜೊತೆ ಗುಳಿಗೆ ಚೀಲ ಬಂದಿತ್ತಲ್ಲ, ಕೊಡ್ತಿದ್ದೀರಾ?”

“ಮಾರ್ಫಿನ್ ತಾನೇ? ಡಾಕ್ಟ್ರು ಬ್ಯಾಡ ಅಂದ್ರು. ಮೊದ್ಲೇ ಉಸಿರು ಇಲ್ಲ, ಅದು ಕೊಟ್ರೆ ನಿಂತೇ ಹೋಗ್ತೈತೆ ಅಂದ್ರು.”

ನಿಲೋಫರ್ ಫೋನ್ ಇಟ್ಟು ಕೋವಿಡ್ ವಾರ್ಡಿನ ಹೊರಬಾಗಿಲಿಗೆ ಓಡಿದಳು. ರೂಪಶ್ರೀ ಆಗಷ್ಟೇ ಪಾಳಿ ಮುಗಿಸಿ, ಮೈತುಂಬ ತೊಟ್ಟಿದ್ದ ಪಿಪಿಇ ಕಿಟ್ ಬಿಚ್ಚಿ, ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದರು. ಮುಖದ ಮೇಲೆ ಮಾಸ್ಕಿನ ಗೆರೆ ಕೆಂಪಾಗಿ ಮೂಡಿತ್ತು. ನಿಂತಲ್ಲೇ ಎಲ್ಲ ಕೇಳಿದರು.

“ಬೆವರು, ಭೇದಿ, ಮೂಗು ಸೋರೋದು, ಒದ್ದಾಟ. ಎಂಟು ತಿಂಗಳು ತಗೊಂಡ ಔಷಧಿ ಒಮ್ಮೆಲೇ ನಿಲ್ಸಿದ್ರೆ ಇನ್ನೇನಾಗುತ್ತೆ?” ಎಂದು ಹೇಳಿ ಅಲ್ಲಿಂದಲೇ ಆ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದರು.

ಡಾಕ್ಟರ್ ವಿನಯ್ ಕುಮಾರ್ ಓದು ಮುಗಿಸಿ ಎರಡೇ ವರ್ಷವಾಗಿತ್ತು. ಹಗಲು ಹೊತ್ತು ನಲವತ್ತೆರಡು ಮಂಚಕ್ಕೂ ಅವರೊಬ್ಬರೇ. ರೂಪಶ್ರೀ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

“ಮೇಡಂ, ನೀವು ಹೇಳೋದು ಅರ್ಥ ಆಗ್ತದೆ. ಆದ್ರೆ ಎಂಬತ್ತೇಳು ಇರೋರಿಗೆ ಮಾರ್ಫಿನ್ ಕೊಟ್ಟು ಏನಾದ್ರೂ ಆದ್ರೆ ಗೇಟಿನ ಹತ್ರ ಕಾಯ್ತಿರೋ ಮನೆಯೋರಿಗೆ ಉತ್ತರ ಕೊಡೋನು ನಾನು. ನೀವು ದಾವಣಗೆರೆನಾಗೆ ಇದ್ದೀರಿ.”

“ಸರಿ ಡಾಕ್ಟ್ರೇ” ಎಂದರು ರೂಪಶ್ರೀ. “ಹಂಗಾದ್ರೆ ನಾವು ಅಲ್ಲಿಗೆ ಬರ್ತೀವಿ.”

ವ್ಯಾನಿಗೆ ರುದ್ರಮುನಿಯವರ ಒಪ್ಪಿಗೆ ಬೇಕಿತ್ತು. ಅವರು ಕಡತದಿಂದ ತಲೆ ಎತ್ತದೆ ಕೇಳಿದರು: “ಇಲ್ಲಿ ಜನ ಸಾಲದೆ ಸಾಯ್ತಿದೀವಿ. ಒಬ್ಬ ಪೇಷೆಂಟ್‌ಗೆ ಮೂರು ಜನ ಹೋಗ್ಬೇಕೇನಮ್ಮ? ಅದೂ ಕ್ಯಾನ್ಸರ್ ಪೇಷೆಂಟು.”

“ನನ್ನ ಮುಂದಿನ ಪಾಳಿ ಸಂಜೆ ಏಳಕ್ಕೆ ಸರ್. ಅಷ್ಟರೊಳಗೆ ವಾಪಸ್ ಬರ್ತೀವಿ” ಎಂದರು ರೂಪಶ್ರೀ.

ಮುಜೀಬ್ ಬಾಗಿಲ ಬಳಿ ನಿಂತಿದ್ದವನು ಹೇಳಿದ: “ಸಾಹೇಬ್ರೇ, ಚನ್ನಗಿರಿಯಿಂದ ಸ್ಯಾಂಪಲ್ ಡಬ್ಬ ತರಾಕೆ ನಾನು ಹೆಂಗಿದ್ರೂ ಮಧ್ಯಾಹ್ನ ಹೋಗ್ಬೇಕು. ಈಗಲೇ ಹೋದ್ರೆ ಆತು.” ರುದ್ರಮುನಿ ಕೈ ಆಡಿಸಿ ಹೋಗಿ ಎಂದರು.

ಸಂತೇಬೆನ್ನೂರಿನ ಹತ್ತಿರ ಪೊಲೀಸರು ಒಮ್ಮೆ ತಡೆದು ಕಾಗದ ನೋಡಿದರು. ಹನ್ನೆರಡೂವರೆಗೆ ಹಾಸ್ಟೆಲ್ ತಲುಪಿದರು. ಗೇಟಿನ ಎದುರು ಹೊಂಗೆ ಮರದ ಕೆಳಗೆ ಹತ್ತು ಹನ್ನೆರಡು ಜನ ದೂರ ದೂರ ಕೂತಿದ್ದರು. ಒಳಗಿದ್ದವರ ಮನೆಯವರು. ಲಕ್ಷ್ಮೀದೇವಿ ಎದ್ದು ಬಂದಳು. ಅವಳ ಪರೀಕ್ಷೆ ನೆಗೆಟಿವ್ ಬಂದಿತ್ತು. ಆದರೂ ಒಳಗೆ ಬಿಡುವ ನಿಯಮ ಇರಲಿಲ್ಲ.

“ನನ್ನ ಕರ್ಕಂಡು ಹೋಗ್ರಿ ಸಿಸ್ಟರ್. ಅವ್ರು ಹೇಳೋದು ಅಲ್ಲಿ ಯಾರಿಗೂ ತಿಳಿಯಲ್ಲ.”

“ನೀವು ಇಲ್ಲೇ ಮುಜೀಬ್ ಭಾಯ್ ಹತ್ರ ಇರ್ರಿ ಅಕ್ಕ. ಒಳಗಿಂದ ವಿಡಿಯೋ ಕಾಲ್ ಮಾಡ್ತೀನಿ. ಅವ್ರ ಫೋನಿನಾಗೆ ನಿಮ್ಮನೆಯೋರು ಕಾಣ್ತಾರೆ.”

ಹಾಸ್ಟೆಲಿನ ಊಟದ ಹಾಲೇ ವಾರ್ಡು. ಗೋಡೆಯ ಮೇಲೆ ಊಟದ ವೇಳಾಪಟ್ಟಿ ಇನ್ನೂ ಹಾಗೇ ಇತ್ತು. ದುರುಗಣ್ಣನ ಮಂಚ ಮೂಲೆಯಲ್ಲಿ. ಅವನನ್ನು ಅಂಗಾತ ಮಲಗಿಸಿ ಎರಡೂ ಮಣಿಕಟ್ಟನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ನಿಲೋಫರ್ ಪೂರ್ತಿ ಕಿಟ್‌ನಲ್ಲಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ಅವನು ಅವಳನ್ನು ಗುರುತು ಹಿಡಿಯಲಿಲ್ಲ. ಅವಳು ಬಗ್ಗಿ ಗಟ್ಟಿಯಾಗಿ ಹೇಳಿದಳು: “ದುರುಗಣ್ಣ, ನಾನು ನಿಲೋಫರ್. ನೋವಿನ ರೂಮಿನೋಳು.”

ಅವನ ಕಣ್ಣು ಅವಳ ಮೇಲೆ ನಿಂತಿತು.

“ಕೈ ಬಿಚ್ರಿ ಸಿಸ್ಟರ್” ಎಂದಳು ಸುನೀತಾಗೆ.

“ಬಿಚ್ಚಿದ್ರೆ ಪೈಪ್ ಕಿತ್ತು ಹಾಕ್ತಾರೆ. ನಿನ್ನೆ ನನ್ನ ಮುಖಕ್ಕೇ ಬೀಸಿದ್ರು.”

“ನಾನು ಹಿಡ್ಕಂತೀನಿ. ನೀವು ಬಿಚ್ರಿ.”

ಬಲಗೈ ಬಿಡಿಸಿದ ಕೂಡಲೇ ದುರುಗಣ್ಣ ಅದನ್ನು ಎಡಭುಜದ ಹತ್ತಿರ ಒಯ್ದು, ಅಲ್ಲಿಂದ ಜೋರಾಗಿ ಹೊರಕ್ಕೆ ಬೀಸಿದ. ಮತ್ತೆ ಎದೆಗೆ ಎಳೆದುಕೊಂಡ. ಮತ್ತೆ ಬೀಸಿದ. ಸುನೀತಾ ಎರಡು ಹೆಜ್ಜೆ ಹಿಂದೆ ಸರಿದಳು. “ನೋಡ್ರಿ, ಹಿಂಗೇ ಮಾಡ್ತಾರೆ.”

ಅವನ ಮನೆಗೆ ಹೋಗಿ ಬಂದಿದ್ದರಿಂದ ನಿಲೋಫರ್‌ಗೆ ನಾಲ್ಕಾರು ಸನ್ನೆ ಗೊತ್ತಿತ್ತು. ಮುಷ್ಟಿ ಕಟ್ಟಿದರೆ ನೋವು. ಬೆರಳು ಒದ್ದೆ ಮಾಡಿದಂತೆ ಆಡಿಸಿದರೆ ತುಟಿ ಒಣಗಿದೆ. ಇದು ಗೊತ್ತಿರಲಿಲ್ಲ. ಫೋನ್ ತೆಗೆದು ಮುಜೀಬ್‌ಗೆ ಕರೆ ಮಾಡಿ ಕ್ಯಾಮೆರಾವನ್ನು ಮಂಚದ ಕಡೆ ಹಿಡಿದಳು.

ಲಕ್ಷ್ಮೀದೇವಿಯ ಮುಖ ಒಂದು ಕ್ಷಣ ಅಲುಗಿ ನಿಂತಿತು. ಆಮೇಲೆ ಅವಳು ಕೂಗಿದಳು: “ಅಯ್ಯೋ, ಅದು ಬಲೆ ಬೀಸೋದು ಸಿಸ್ಟರ್! ಬಲೆ ಬೀಸಿ ಎಳ್ಕಳೋದು. ಮೇಲೆ ಎಳೆದು ಕೂರ್ಸು ಅಂತ. ಅಂಗಾತ ಮಲಗಿದ್ರೆ ಗಂಟಲಾಗೆ ಕಫ ತುಂಬಿ ಉಸಿರು ಕಟ್ತೈತೆ. ಮನೆನಾಗೆ ಮೂರು ದಿಂಬು ಇಟ್ಟು ಕೂರ್ಸೇ ಮಲಗ್ಸದು ನಾನು.”

ಸುನೀತಾ ಓಡಿದಳು. ಪಕ್ಕದ ಖಾಲಿ ಮಂಚದ ದಿಂಬು, ಕಂಬಳಿಯ ಸುರುಳಿ, ಇನ್ನೊಂದು ದಿಂಬು ತಂದಳು. ಎಡಗೈಯನ್ನೂ ಬಿಡಿಸಿ, ಇಬ್ಬರೂ ಕಂಕುಳಿಗೆ ಕೈ ಹಾಕಿ ಅವನನ್ನು ಮೇಲೆತ್ತಿ ಕೂರಿಸಿದರು. ಅವನು ದೇಹವೆಲ್ಲ ಅಲುಗುವಂತೆ ಕೆಮ್ಮಿದ. ಸುನೀತಾ ಸಕ್ಷನ್ ಕೊಳವೆ ಹಿಡಿದು ಗಂಟಲಿನ ಕಫ ಎಳೆದಳು. ಗಟ್ಟಿ ಕಫ, ಒಂದು ಬಟ್ಟಲಿನಷ್ಟು ಬಂತು. ಹತ್ತು ನಿಮಿಷದಲ್ಲಿ ಬೆರಳಿಗೆ ಸಿಕ್ಕಿಸಿದ್ದ ಯಂತ್ರ ಎಂಬತ್ತೇಳರಿಂದ ತೊಂಬತ್ತೊಂದಕ್ಕೆ ಏರಿತು. ಇನ್ನೂ ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ.

ವಿನಯ್ ಕುಮಾರ್ ಮಂಚದ ಕಾಲಬದಿ ನಿಂತು ನೋಡುತ್ತಿದ್ದರು. “ಮೂರು ದಿನದಿಂದ ಮಲಗಿಸೇ ಇಟ್ಟಿದ್ವಿ” ಎಂದರು.

ಆಮೇಲೆ ಗುಳಿಗೆಯ ಮಾತು ಬಂತು. ರೂಪಶ್ರೀ ವಾದ ಮಾಡಲಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿ ಎಳೆದು ವಿನಯ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ನಿಮ್ಮ ಹೆದರಿಕೆ ತಪ್ಪಲ್ಲ. ಹೊಸಬರಿಗೆ ಒಮ್ಮೆಲೇ ದೊಡ್ಡ ಡೋಸ್ ಕೊಟ್ರೆ ಉಸಿರು ಇಳಿಯುತ್ತೆ. ಇವ್ರು ಹೊಸಬ್ರಲ್ಲ. ಮೂರು ದಿನ ಬಿಟ್ಟಿದ್ದಾರೆ, ಹಾಗಾಗಿ ಮೊದಲಿನ ಅರ್ಧ ಕೊಡೋಣ. ಕಾಲು ಗಂಟೆಗೊಮ್ಮೆ ನೀವೇ ಉಸಿರು ಎಣಿಸ್ರಿ. ನಾನು ಇಲ್ಲೇ ಕೂತಿರ್ತೀನಿ, ಎದ್ದು ಹೋಗಲ್ಲ.”

ವಿನಯ್ ಹಾಲಿನ ಇನ್ನೊಂದು ಬದಿಯ ಮಂಚದ ಕಡೆ ನೋಡಿದರು. “ಹೋದ ವಾರ ಹನ್ನೆರಡನೇ ಬೆಡ್‌ನಾಗೆ ಒಬ್ರಿಗೆ ಒದ್ದಾಟ ಜಾಸ್ತಿ ಅಂತ ನಿದ್ದೆ ಇಂಜೆಕ್ಷನ್ ಕೊಟ್ಟಿದ್ದೆ ಮೇಡಂ. ಒಂದು ಗಂಟೆಯೊಳಗೆ ಹೋಗಿಬಿಟ್ರು. ಅದರಿಂದ್ಲೇ ಹೋದ್ರೋ, ಕಾಯಿಲೆಯಿಂದ ಹೋದ್ರೋ ಗೊತ್ತಾಗ್ಲಿಲ್ಲ. ಅವರ ಮಗಳಿಗೆ ನಾನೇ ಹೇಳಿದೆ. ಆ ವಾರ ಹನ್ನೊಂದು ಜನ ಹೋದ್ರು.”

“ಯಾರ ಹತ್ರನಾದ್ರೂ ಹೇಳ್ಕೊಂಡ್ರಾ?”

“ಯಾರ ಹತ್ರ ಹೇಳ್ಲಿ?”

ರೂಪಶ್ರೀ ತಲೆಯಾಡಿಸಿದರು. ನಿಲೋಫರ್ ಗುಳಿಗೆ ಪುಡಿ ಮಾಡಿ, ನೀರಲ್ಲಿ ಕಲಸಿ, ಪೈಪಿನಲ್ಲಿ ಹಾಕಿದಳು. ವಿನಯ್ ಕೈಗಡಿಯಾರ ನೋಡುತ್ತ ದುರುಗಣ್ಣನ ಎದೆ ಏರಿಳಿಯುವುದನ್ನು ಎಣಿಸಿದರು. ಮೂವತ್ತಾರು. ಕಾಲು ಗಂಟೆ ಬಿಟ್ಟು ಮೂವತ್ನಾಲ್ಕು. ಅರ್ಧ ಗಂಟೆಗೆ ಮೂವತ್ತು. ಒಂದು ಗಂಟೆಗೆ ಇಪ್ಪತ್ತಾರು. ಆಕ್ಸಿಜನ್ ತೊಂಬತ್ತಮೂರಕ್ಕೆ ಬಂದಿತ್ತು. ಬೆವರು ನಿಂತಿತ್ತು. ದುರುಗಣ್ಣ ಕೂತಲ್ಲೇ ಕತ್ತು ವಾಲಿಸಿ ನಿದ್ದೆ ಹೋದ.

“ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಆದ್ರೆ ಮುಂದಿನ ಡೋಸ್ ನಿಲ್ಸಿ ನನಗೆ ಫೋನ್ ಮಾಡ್ರಿ. ಯಾವ ಹೊತ್ತಾದ್ರೂ ಸರಿ” ಎಂದರು ರೂಪಶ್ರೀ. ವಿನಯ್ ಅದನ್ನು ಕೇಸ್ ಶೀಟಿನಲ್ಲಿ ಬರೆದರು. ಆಮೇಲೆ ತಾವಾಗಿಯೇ ಹೇಳಿದರು: “ಮೇಡಂ, ಇನ್ನೂ ಇಬ್ರನ್ನ ನೋಡ್ತೀರಾ?”

ಒಬ್ಬರು ಉಬ್ಬಸದ ಮುದುಕರು. ಅವರಿಗೆ ಕೂರುವ ಬಗೆ ಹೇಳಿಕೊಟ್ಟು, ಮುಖಕ್ಕೆ ಗಾಳಿ ಬರುವಂತೆ ಮಂಚ ತಿರುಗಿಸಿ, ಮಾರ್ಫಿನ್‌ನ ಚಿಕ್ಕ ಡೋಸ್ ಬರೆದರು. ಇನ್ನೊಬ್ಬಳು ನಡುವಯಸ್ಸಿನ ಹೆಂಗಸು. ಎದುರಿನ ಮಂಚದವರು ಸತ್ತದ್ದನ್ನು ನೋಡಿದ್ದಳು. ಕಣ್ಣು ಮುಚ್ಚಿದರೆ ತಾನೂ ಏಳುವುದಿಲ್ಲ ಎಂದು ಎರಡು ದಿನದಿಂದ ಮಲಗಿರಲಿಲ್ಲ. ಅವಳ ಪಕ್ಕ ನಿಲೋಫರ್ ಅರ್ಧ ಗಂಟೆ ಕೂತಳು.

ಮೂರು ಗಂಟೆಗೆ ದುರುಗಣ್ಣ ಎಚ್ಚರಾದ. ಮುಖ ತಿಳಿಯಾಗಿತ್ತು. ಇನ್ನೊಂದು ಮಾತು ಉಳಿದಿತ್ತು, ಅದನ್ನು ರೂಪಶ್ರೀಯೇ ಎತ್ತಿದರು.

“ಸೋಂಕು ಹೆಚ್ಚಾದ್ರೆ ಏನು ಮಾಡ್ಬೇಕು ಅಂತಿದ್ದೀರಿ ಡಾಕ್ಟ್ರೇ?”

“ವೆಂಟಿಲೇಟರ್ ಬೆಡ್‌ಗೆ ದಾವಣಗೆರೆನಾಗೆ ಹೆಸರು ಬರೆಸಿದೀನಿ.”

“ಅವ್ರನ್ನ ಕೇಳಿದ್ರಾ?”

“ಮಾತು ಬರಲ್ವಲ್ಲ ಮೇಡಂ” ಎಂದರು ವಿನಯ್. ಹೇಳಿದ ಮೇಲೆ ಫೋನಿನ ಕಡೆ ನೋಡಿದರು.

ಮತ್ತೆ ಕರೆ ಹಚ್ಚಿದರು. ಹೆಂಡತಿಯ ಮುಖ ಕಂಡದ್ದೇ ದುರುಗಣ್ಣ ಎರಡೂ ಕೈ ಬೋಗುಣಿಯಂತೆ ಮಾಡಿ ಬೋರಲು ಹಾಕಿ ತೋರಿಸಿದ. “ಹರಿಗೋಲು ಮಗುಚಿ ಹಾಕಿದ್ಯಾ ಅಂತ ಕೇಳ್ತಾರೆ” ಎಂದು ಲಕ್ಷ್ಮೀದೇವಿ ನಕ್ಕಳು. “ಹಾಕೀನ್ರೀ. ಮೊದ್ಲು ಡಾಕ್ಟ್ರಮ್ಮ ಕೇಳೋದಕ್ಕೆ ಉತ್ರ ಕೊಡ್ರಿ.”

ರೂಪಶ್ರೀ ನಿಧಾನವಾಗಿ ಹೇಳಿದರು. “ದುರುಗಣ್ಣ, ಈಗ ಸ್ವಲ್ಪ ಪರವಾಗಿಲ್ಲ. ಆದ್ರೆ ಕೊರೋನಾ ಇನ್ನೂ ಹೆಚ್ಚಾಗಬಹುದು. ಹಂಗಾದ್ರೆ ಗಂಟಲಿಗೆ ಪೈಪ್ ಹಾಕಿ ಮಷೀನಿನಿಂದ ಉಸಿರಾಡ್ಸೋದು ಒಂದು ದಾರಿ. ನಿಮ್ಮ ಕಾಯಿಲೆ ಇರೋದ್ರಿಂದ ಆ ಮಷೀನಿಂದ ಹೊರಗೆ ಬರೋದು ಬಹಳ ಕಷ್ಟ. ಬ್ಯಾಡ ಅಂದ್ರೆ ಇಲ್ಲೇ ಆಕ್ಸಿಜನ್, ಇಂಜೆಕ್ಷನ್ ಎಲ್ಲ ಕೊಡ್ತೀವಿ, ಸಂಕಟ ಆಗದಂಗೆ ನೋಡ್ಕೊಂತೀವಿ. ನಿಮ್ಮ ಮನಸ್ಸಿನಾಗೆ ಏನೈತೆ?”

ದುರುಗಣ್ಣ ಸೂರು ನೋಡಿದ. ಆಮೇಲೆ ಅಂಗೈ ಒಳಮುಖ ಮಾಡಿ ಎರಡು ಸಲ ಹೊರಕ್ಕೆ ಕೊಡವಿದ, ಒಣಹಾಕಿದ ಮೀನಿನ ಮೇಲೆ ಕೂತ ಕಾಗೆ ಓಡಿಸುವಂತೆ. ಬೆರಳನ್ನು ಫೋನಿನ ಕಡೆ, ಹೆಂಡತಿಯ ಕಡೆ ತೋರಿಸಿದ.

ಫೋನಿನಲ್ಲಿ ಲಕ್ಷ್ಮೀದೇವಿ ಮುಖ ಆಚೆ ತಿರುಗಿಸಿದಳು.

“ಏನಂತಾರೆ ಅಕ್ಕ?” ಎಂದು ಕೇಳಿದಳು ನಿಲೋಫರ್.

“ಯೋಚ್ನೆ ಮಾಡಿ ಹೇಳ್ತೀನಿ ಅಂತಾರೆ” ಎಂದಳು ಲಕ್ಷ್ಮೀದೇವಿ ಸಣ್ಣ ದನಿಯಲ್ಲಿ.

ರೂಪಶ್ರೀ ಸರಿ ಎಂದು ತಲೆಯಾಡಿಸಿ, ಯೋಚಿಸಲು ಎಷ್ಟು ದಿನ ಬೇಕು ಎಂದು ಕೇಳಿದರು. ದುರುಗಣ್ಣ ಅವರನ್ನೇ ನೋಡುತ್ತ ಕೂತ. ನಿಲೋಫರ್‌ಗೆ ಆ ಕೈ ಕೊಡವುವ ಸನ್ನೆ ಗೊತ್ತಿತ್ತು. ಹೋದ ಡಿಸೆಂಬರಿನಲ್ಲಿ ಮತ್ತೊಂದು ಆಪರೇಷನ್ ಬಗ್ಗೆ ಕೇಳಿದಾಗ ಅವನು ತನ್ನ ಮನೆಯ ಜಗುಲಿಯಲ್ಲಿ ಕೂತು ಹೀಗೇ ಕೈ ಕೊಡವಿದ್ದ. ಬೇಡ ಎಂದು. ಅವತ್ತು ಲಕ್ಷ್ಮೀದೇವಿಯೇ ಅದನ್ನು ಬಾಯಿಬಿಟ್ಟು ಹೇಳಿದ್ದಳು.

ನಿಲೋಫರ್ ಅದನ್ನು ರೂಪಶ್ರೀಗೆ ಸಣ್ಣ ದನಿಯಲ್ಲಿ ಹೇಳಿ, ಕಿಟ್ ಬಿಚ್ಚಿ ಕೈಕಾಲು ತೊಳೆದು ಗೇಟಿಗೆ ಬಂದಳು. ಲಕ್ಷ್ಮೀದೇವಿ ಮರಕ್ಕೆ ಒರಗಿ ಕೂತಿದ್ದಳು. ನಿಲೋಫರ್ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಳು.

“ಅಕ್ಕ, ಅವ್ರು ಬ್ಯಾಡ ಅಂದ್ರಲ್ಲ.”

ಲಕ್ಷ್ಮೀದೇವಿ ಸೆರಗಿನಿಂದ ಮುಖ ಒರೆಸಿದಳು. “ನನ್ನ ಬಾಯಾಗೆ ಹೆಂಗೆ ಹೇಳ್ಲಿ ಸಿಸ್ಟರ್? ನಾನು ಬ್ಯಾಡ ಅಂದಂಗೆ ಆಗ್ತೈತೆ. ನಾಳೆ ಅವ್ರ ಅಣ್ಣ ತಮ್ಮದಿರು ಕೇಳ್ತಾರೆ, ಮಷೀನ್ ಬ್ಯಾಡ ಅಂದೋಳು ನೀನೇ ಅಲ್ವಾ ಅಂತ.”

“ನಿಮ್ಮನ್ನ ಯಾರೂ ಕೇಳಿಲ್ಲ ಅಕ್ಕ. ಕೇಳಿದ್ದು ಅವ್ರನ್ನ. ಅವ್ರ ಮಾತು ಹೊರಗೆ ಬರಾಕೆ ಇರೋ ಬಾಯಿ ನಿಮ್ದೊಂದೇ. ಅದೂ ತಿರುಗಿಸಿ ಹೇಳಿದ್ರೆ ಅವ್ರಿಗೆ ಇನ್ಯಾರದಾರೆ?”

ಲಕ್ಷ್ಮೀದೇವಿ ಅತ್ತಳು. ಮುಜೀಬ್ ಎದ್ದು ವ್ಯಾನಿನ ಆಚೆ ಹೋಗಿ ನಿಂತ. ನಿಲೋಫರ್ ಅಲ್ಲೇ ಕೂತಿದ್ದಳು.

“ಅಣ್ಣ ತಮ್ಮದಿರಿಗೆ ಡಾಕ್ಟ್ರೇ ಫೋನ್ ಮಾಡಿ ಹೇಳ್ತಾರಾ?”

“ಹೇಳ್ತಾರೆ. ನಾನು ಮಾಡಿಸ್ತೀನಿ.”

ಲಕ್ಷ್ಮೀದೇವಿ ಮುಜೀಬನನ್ನು ಕರೆದು ತಾನೇ ಫೋನ್ ಇಸಿದುಕೊಂಡಳು. ಒಳಗೆ ರೂಪಶ್ರೀ ಎತ್ತಿದರು. “ಡಾಕ್ಟ್ರಮ್ಮ, ನಾನು ಆಗಲೇ ತಪ್ಪು ಹೇಳ್ದೆ. ಅವ್ರು ಅಂದಿದ್ದು ಮಷೀನ್ ಬ್ಯಾಡ ಅಂತ. ನನ್ನ ಕಡೆ ಬೆರಳು ತೋರ್ಸಿದ್ದು, ಮನೆಗೆ ಹೋಗಾಕೆ ಆದ್ರೆ ಅಲ್ಲಿಗೆ ಕಳಿಸ್ರಿ ಅಂತ.” ಹೇಳಿ ಮುಗಿಸಿ ಫೋನ್ ವಾಪಸ್ ಕೊಟ್ಟಳು.

ವಿನಯ್ ಅದನ್ನು ಬರೆದುಕೊಂಡು, ಅಲ್ಲೇ ನಿಂತು ದುರುಗಣ್ಣನ ಅಣ್ಣನಿಗೆ ಫೋನ್ ಮಾಡಿದರು. ಹೇಗೆ ಶುರು ಮಾಡಬೇಕೆಂದು ರೂಪಶ್ರೀ ಎರಡು ಮಾತು ಹೇಳಿಕೊಟ್ಟಿದ್ದರು. ಮೊದಲು ಅವರಿಗೆ ಏನು ಗೊತ್ತಿದೆ ಎಂದು ಕೇಳಿ, ಆಮೇಲೆ ನಿಮಗೆ ಗೊತ್ತಿರುವುದನ್ನು ಹೇಳಿ, ನಡುವೆ ಅವರು ಸುಮ್ಮನಾದರೆ ನೀವೂ ಸುಮ್ಮನಿರಿ ಎಂದು. ಕರೆ ಎಂಟು ನಿಮಿಷ ನಡೆಯಿತು. ಅಣ್ಣ ಕೂಗಾಡಲಿಲ್ಲ.

ಹೊರಡುವ ಮೊದಲು ಸುನೀತಾ ಒಂದು ಹಾಳೆ ತಂದಳು. ಲಕ್ಷ್ಮೀದೇವಿ ಫೋನಿನಲ್ಲಿ ಮಾಡಿ ತೋರಿಸಿದ ಸನ್ನೆಗಳನ್ನು ಅವಳು ಪೆನ್ನಿನಲ್ಲಿ ಚಿತ್ರ ಬರೆದು, ಕೆಳಗೆ ಅರ್ಥ ಬರೆದಿದ್ದಳು. ಅದನ್ನು ಮಂಚದ ಮೇಲಿನ ಗೋಡೆಗೆ ಅಂಟಿಸಿದಳು, ಮುಂದಿನ ಪಾಳಿಯವರಿಗೆ ಕಾಣಲಿ ಎಂದು.

ಮರುದಿನದಿಂದ ಮಧ್ಯಾಹ್ನ ಒಂದು ಗಂಟೆಗೆ ವಿನಯ್ ರೂಪಶ್ರೀಗೆ ಫೋನ್ ಮಾಡತೊಡಗಿದರು. ಒಂದು ದಿನ ದುರುಗಣ್ಣನ ಬಗ್ಗೆ ಮಾತ್ರ. ಮರುದಿನ ಇನ್ನೂ ಮೂವರ ಬಗ್ಗೆ. ಅವರ ಜೊತೆ ಓದಿದವರು ಹೊನ್ನಾಳಿ, ನ್ಯಾಮತಿಯಲ್ಲಿ ಇಂಥದೇ ಕೇಂದ್ರಗಳಲ್ಲಿದ್ದರು. ಅವರೂ ಅದೇ ಹೊತ್ತಿಗೆ ಸೇರಿಕೊಂಡರು. ಜಗಳೂರಿನವರು ಸೇರಿದ ದಿನ ಮೊದಲ ಪ್ರಶ್ನೆಯೇ ಸೊಕ್ಕೆ ಊರಿನ ಒಬ್ಬ ಮುದುಕಿಯದು. ಆಕ್ಸಿಜನ್ ಎಷ್ಟು ಕೊಟ್ಟರೂ ಏರುತ್ತಿಲ್ಲ, ಬೇರೆಡೆ ಬೆಡ್ ಇಲ್ಲ, ಮಗ ಹೊರಗೆ ಕಾಯುತ್ತಿದ್ದಾನೆ. ರೂಪಶ್ರೀ ಔಷಧಿ ಹೇಳಿದರು. ನಿಲೋಫರ್ ಮಗನ ಜೊತೆ ಮಾತಾಡಿದಳು. ಆಕೆ ಸಂಜೆ ತೀರಿಕೊಂಡಳು. ಮಗನನ್ನು ಕಿಟ್ ಹಾಕಿಸಿ ಮೊದಲೇ ಒಳಗೆ ಬಿಟ್ಟಿದ್ದರು. ಕೊನೆಗೆ ಅವನು ಪಕ್ಕದಲ್ಲಿದ್ದ.

ಈ ಕರೆಗಳು ರುದ್ರಮುನಿಯವರ ಕಿವಿಗೂ ಬಿದ್ದವು. ಅವರು ನಿಲೋಫರ್‌ಳನ್ನು ಕರೆಸಿ, “ವಾರಕ್ಕೆ ಎರಡು ದಿನ ಗಾಡಿ ಕೊಟ್ರೆ ಸಾಕಾ?” ಎಂದರು. “ಮೂರು ಕೊಡ್ರಿ ಸರ್” ಎಂದಳು ಅವಳು. ಎರಡೇ ಸಿಕ್ಕಿತು, ಹಾಗಾಗಿ ದಿನಕ್ಕೆ ಎರಡು ತಾಲ್ಲೂಕು ಸುತ್ತಬೇಕಾಯಿತು.

ತಂಡ ಹೋಗಿ ಬಂದ ಐದನೇ ದಿನ ದುರುಗಣ್ಣನಿಗೆ ಜಾಸ್ತಿಯಾಯಿತು. ಹತ್ತು ಲೀಟರ್ ಆಕ್ಸಿಜನ್ ಕೊಟ್ಟರೂ ಎಂಬತ್ನಾಲ್ಕು. ವಿನಯ್ ಫೋನಿನಲ್ಲಿ ಕೇಳಿದರು: “ಮೇಡಂ, ಅವರ ಹೆಂಡತಿನ ಒಳಗೆ ಬಿಡ್ತೀನಿ. ನಿಯಮ ಇಲ್ಲ. ನಾನು ಬರೆದು ಸೈನ್ ಹಾಕ್ತೀನಿ.” ರೂಪಶ್ರೀ “ಬಿಡ್ರಿ” ಎಂದರು. ಸುನೀತಾ ತನ್ನ ಕೈಯಾರೆ ಲಕ್ಷ್ಮೀದೇವಿಗೆ ಕಿಟ್ ತೊಡಿಸಿದಳು. ಅರ್ಧ ಗಂಟೆ ಎಂದದ್ದು ಎರಡು ಗಂಟೆಯಾಯಿತು. ಅವಳು ಗಂಡನ ತುಟಿಗೆ ಒದ್ದೆ ಬಟ್ಟೆ ಒತ್ತಿದಳು, ಬೆನ್ನು ನೀವಿದಳು. ಇಬ್ಬರ ಕೈಗಳೂ ಬಹಳ ಹೊತ್ತು ಮಾತಾಡಿದವು. ಏನು ಮಾತಾಡಿದರೆಂದು ಸುನೀತಾಗೆ ಎಲ್ಲ ತಿಳಿಯಲಿಲ್ಲ, ಕೇಳಲೂ ಇಲ್ಲ.

ಅವನು ಅವತ್ತು ಸಾಯುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಸಾಯಲಿಲ್ಲ. ಮರುದಿನ ಎಂಬತ್ತಾರು, ಅದರ ಮರುದಿನ ಎಂಬತ್ತೊಂಬತ್ತು. ಯಾಕೆ ತಿರುಗಿತು ಎಂದು ವಿನಯ್ ಕೇಳಿದಾಗ ರೂಪಶ್ರೀ, “ನನಗೂ ಗೊತ್ತಿಲ್ಲ ಡಾಕ್ಟ್ರೇ” ಎಂದರು.

ಹದಿನೇಳನೇ ದಿನ ಅವನನ್ನು ಮನೆಗೆ ಕಳಿಸಿದರು. ಮುಜೀಬ್‌ನ ವ್ಯಾನಿನಲ್ಲಿ ಕೂರಿಸುವಾಗ ಸುನೀತಾ ಗೇಟಿನವರೆಗೂ ಬಂದಳು.

“ಅಣ್ಣ, ನಿಮ್ಮ ಕೈ ಕಟ್ಟಿದ್ದು ನಾನೇ. ನನಗೆ ತಿಳೀಲಿಲ್ಲ” ಎಂದಳು.

ದುರುಗಣ್ಣ ಅವಳನ್ನು ಸ್ವಲ್ಪ ಹೊತ್ತು ನೋಡಿ ಕೈಯನ್ನು ಮೀನಿನಂತೆ ಅಲುಗಿಸಿ ಅವಳ ಕಡೆ ಚಾಚಿದ.

“ಊರಿಗೆ ಬರ್ರಿ, ಮೀನು ಕೊಡ್ತೀನಿ ಅಂತಾರೆ” ಎಂದಳು ಲಕ್ಷ್ಮೀದೇವಿ.

“ನಾವು ಮೀನು ತಿನ್ನೋರಲ್ಲಣ್ಣ” ಎಂದು ಸುನೀತಾ ಸಂಕೋಚದಿಂದ ಹೇಳಿದಳು.

ಅವನಿಗೆ ಇದು ಅನಿರೀಕ್ಷಿತ. ಯೋಚಿಸಿ ಇನ್ನೇನೋ ಕೈ ಮಾಡಿದ. ಲಕ್ಷ್ಮೀದೇವಿ ನಗುತ್ತ, “ಹಂಗಾದ್ರೆ ಸುಮ್ನೆ ಕೆರೆ ನೋಡಾಕಾದ್ರೂ ಬರ್ರಿ ಅಂತಾರೆ” ಎಂದಳು.

ಆಮೇಲೆ ದುರುಗಣ್ಣ ನಾಲ್ಕು ತಿಂಗಳು ಇದ್ದ. ಹರಿಗೋಲು ಹತ್ತುವ ಶಕ್ತಿ ಬರಲಿಲ್ಲ, ಬೆಳಿಗ್ಗೆ ದಂಡೆಗೆ ಹೋಗಿ ಕೂತು ಬರುತ್ತಿದ್ದ. ಆಗಸ್ಟಿನಲ್ಲಿ ನಿಲೋಫರ್ ಹೋದಾಗ ಲಕ್ಷ್ಮೀದೇವಿ ಅಡುಗೆಮನೆಗೆ ಕರೆದು ಹೇಳಿದಳು: “ಅವತ್ತು ನಾನು ಸುಳ್ಳು ಹೇಳಿದ್ದು ಅವ್ರಿಗೆ ಗೊತ್ತಿತ್ತಂತೆ ಸಿಸ್ಟರ್. ಫೋನಿನಾಗೆ ನಾನಂದಿದ್ದು ಕೇಳಿರ್ಲಿಲ್ಲ, ಎಷ್ಟು ದಿನ ಬೇಕು ಅಂತ ಡಾಕ್ಟ್ರಮ್ಮ ಕೇಳಿದ್ರಲ್ಲ, ಆವಾಗ್ಲೇ ತಿಳೀತಂತೆ. ಹೋದ ವಾರ ಹೇಳಿದ್ರು.”

“ಸಿಟ್ಟು ಮಾಡಿದ್ರಾ?”

“ಇಲ್ಲ. ನೀನೇ ತಿದ್ದಿ ಹೇಳ್ತೀಯ ಅಂತ ಕಾಯ್ತಿದ್ದೆ ಅಂದ್ರು.”

ಸೆಪ್ಟೆಂಬರ್ ಕೊನೆಯಲ್ಲಿ, ಒಂದು ಮಧ್ಯಾಹ್ನ, ಮನೆಯಲ್ಲೇ, ಮೂರು ದಿಂಬಿಗೆ ಒರಗಿ ಕೂತಂತೆ ತೀರಿಕೊಂಡ. ಕೊನೆಯ ವಾರ ನಿಲೋಫರ್ ಎರಡು ಸಲ ಹೋಗಿ ಗುಳಿಗೆಯ ಪ್ರಮಾಣ ಸರಿಮಾಡಿದ್ದಳು. ನೋವಿರಲಿಲ್ಲ ಎಂದು ಲಕ್ಷ್ಮೀದೇವಿ ಹೇಳಿದಳು. ಮಣ್ಣಿಗೆ ವಿನಯ್ ಕುಮಾರ್ ಕೂಡ ಬಂದು ದೂರದಲ್ಲಿ ನಿಂತಿದ್ದು ಹೋದರಂತೆ.

ರೋಗಿ ತೀರಿಕೊಂಡ ಮೇಲೆ ಮನೆಯವರನ್ನು ವಿಚಾರಿಸುವ ತಂಡದ ರೂಢಿಯಂತೆ ತಿಂಗಳ ನಂತರ ನಿಲೋಫರ್ ಆ ಮನೆಗೆ ಮತ್ತೊಮ್ಮೆ ಹೋದಳು. ಬಾಗಿಲಿಗೆ ಬೀಗ. ಪಕ್ಕದ ಮನೆಯವರು, ಚನ್ನಗಿರಿಗೆ ಮೀನು ಮಾರಲು ಹೋಗಿದ್ದಾಳೆ ಎಂದರು. ಫೋನ್ ಮಾಡಿದಳು. ಸಂತೆಯ ಗದ್ದಲದ ನಡುವೆ ಲಕ್ಷ್ಮೀದೇವಿಯ ದನಿ ಬಂತು.

“ಚೆನ್ನಾಗಿದ್ದೀರಾ ಅಕ್ಕ? ಊಟ, ನಿದ್ದೆ?”

“ನಿದ್ದೆ ಅಷ್ಟಕ್ಕಷ್ಟೇ. ಊಟ ಮಾಡ್ತೀನಿ. ಒಂದಿನ ಬರ್ರಿ, ಕೂತು ಮಾತಾಡಣ. ಈಗ ಗಿರಾಕಿ ಅದಾರೆ ಸಿಸ್ಟರ್, ಆಮೇಲೆ ನಾನೇ ಮಾಡ್ತೀನಿ” ಎಂದು ಅವಳು ಫೋನ್ ಇಟ್ಟಳು.

ನಿಲೋಫರ್ ವ್ಯಾನು ಹತ್ತಿ ನ್ಯಾಮತಿ ಕಡೆ ಹೋಗೋಣ ಎಂದಳು. ಅಲ್ಲಿ ಇನ್ನೂ ಎರಡು ಮನೆ ಬಾಕಿ ಇತ್ತು.